ಬೆಂಚಿನಲ್ಲಿ ಕಾದು ಕುಳಿತವರು



2025ರ ಮೇ 8ರಂದು ರೋಮಿನ ಸಂತ ಪೇತ್ರರ ಮಹಾದೇವಾಲಯದ ಬಾಲ್ಕನಿಯಿಂದ ಹದಿನಾಲ್ಕನೆಯ ಲಿಯೋ ಎಂಬ ಹೆಸರು ಕೇಳಿಬಂತು. ಆಮೇಲೆ ಹೆಚ್ಚು ಹೊತ್ತಾಗಲಿಲ್ಲ, ಹೊಸ ಜಗದ್ಗುರುಗಳ ಹುಟ್ಟೂರಾದ ಷಿಕಾಗೋದಲ್ಲಿ ಒಂದು ವಾದ ಎದ್ದಿತು. ಆ ಊರಿಗೆ ಎರಡು ಬೇಸ್‌ಬಾಲ್ ತಂಡಗಳು. ನಮ್ಮ ಜಗದ್ಗುರುಗಳು ಯಾವ ತಂಡದ ಕಡೆಯವರು? ಅವರ ಅಣ್ಣನೇ ಮುಂದೆ ಬಂದು, ವೈಟ್ ಸಾಕ್ಸ್ ಎಂದು ಹೇಳಿ ವಾದ ಮುಗಿಸಿದರು. 2005ರ ಅಂತಿಮ ಸರಣಿಯ ಮೊದಲ ಪಂದ್ಯದ ಹಳೆಯ ದೂರದರ್ಶನ ಚಿತ್ರವೊಂದೂ ಸಿಕ್ಕಿತು. ಆಗ ಅಗಸ್ಟೀನಿಯನ್ ಸಭೆಯ ಮಹಾಶ್ರೇಷ್ಠರಾಗಿದ್ದ ಫಾದರ್ ರಾಬರ್ಟ್ ಪ್ರಿವೋಸ್ಟ್ ಅವರು ಜನರ ನಡುವೆ ಕುಳಿತು, ಪಂದ್ಯದ ಕೊನೆಯ ಗಳಿಗೆಯಲ್ಲಿ ಆತಂಕದಿಂದ ಅಂಗಳವನ್ನೇ ನೋಡುತ್ತಿರುವುದು ಅದರಲ್ಲಿ ಕಾಣುತ್ತದೆ.

ಜಗದ್ಗುರುಗಳೇ ಉಸಿರು ಬಿಗಿಹಿಡಿದು ನೋಡಿದ ಆಟವನ್ನು ಈ ಪುಟಕ್ಕೆ ತಂದರೆ ನೀವು ಮುನಿಯುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಸಂತ ಪೌಲರೂ ಕೊರಿಂಥದವರಿಗೆ ಬರೆದಾಗ ಓಟದ ಪಂದ್ಯವನ್ನೂ ಮುಷ್ಟಿಕಾಳಗವನ್ನೂ ಉಪಮೆಯಾಗಿ ತಂದರು. ಅವರು ಗೆದ್ದವನ ಕಿರೀಟವನ್ನು ನೆನಪಿಸಿದರು. ನಾನು ಇಂದು ನೆನಪಿಸಬಯಸುವುದು ಅಂಗಳದ ಪಕ್ಕದ ಬೆಂಚನ್ನು.

ಬೇಸ್‌ಬಾಲ್ ನೋಡದವರಿಗಾಗಿ ನಾಲ್ಕು ಮಾತು. ಅಂಗಳದಲ್ಲಿ ಚೌಕಾಕಾರವಾಗಿ ನಾಲ್ಕು ನೆಲೆಗಳಿರುತ್ತವೆ. ಒಂದರಿಂದ ಇನ್ನೊಂದಕ್ಕೆ 90 ಅಡಿ ದೂರ. ಆಟಗಾರನೊಬ್ಬ ಮೂರು ನೆಲೆಗಳನ್ನು ಮುಟ್ಟಿ, ಹೊರಟ ಜಾಗಕ್ಕೇ ಮರಳಿ ಬಂದರೆ ಒಂದು ಓಟ. ಹೊರಟ ಜಾಗಕ್ಕೆ ಅವರು ಇಟ್ಟಿರುವ ಹೆಸರು ‘ಹೋಮ್’, ಅಂದರೆ ಮನೆ. (ಮನೆಯಿಂದ ಹೊರಟು ಮನೆಗೇ ಮರಳುವ ಆಟ! ಪ್ರಬೋಧನೆ ಮಾಡುವವನಿಗೆ ಇದೊಂದೇ ಸಾಕಿತ್ತು, ಆದರೆ ಇಂದು ಆ ದಾರಿಗೆ ಹೋಗುವುದಿಲ್ಲ.) ನೆಲೆಯಲ್ಲಿ ನಿಂತ ಓಟಗಾರ, ಎದುರಾಳಿ ತಂಡದವನು ಚೆಂಡೆಸೆಯಲು ಕೈಯೆತ್ತಿದ ಕ್ಷಣದಲ್ಲಿ, ಯಾರೂ ಚೆಂಡನ್ನು ಹೊಡೆಯದಿದ್ದರೂ ಮುಂದಿನ ನೆಲೆಗೆ ಓಡಿಬಿಡಬಹುದು. ಅವನಿಗಿಂತ ಮೊದಲು ಚೆಂಡು ಅಲ್ಲಿಗೆ ತಲುಪಿ ಅವನ ಮೈಗೆ ತಾಗಿದರೆ ಔಟ್. ಇದಕ್ಕೆ ನೆಲೆ ಕದಿಯುವುದು ಎಂದು ಹೆಸರು. ಏಳನೆಯ ಆಜ್ಞೆಗೂ ಇದಕ್ಕೂ ಸಂಬಂಧವಿಲ್ಲ, ಹೆದರಬೇಡಿ. ಇನ್ನೂ ಒಂದು ನಿಯಮ ನೆನಪಿರಲಿ: ಒಬ್ಬನ ಬದಲು ಇನ್ನೊಬ್ಬ ಇಳಿದರೆ, ಹೊರಬಂದವನು ಆ ಪಂದ್ಯಕ್ಕೆ ಮತ್ತೆ ಹೋಗುವಂತಿಲ್ಲ.

ನಾನು ಹೇಳಹೊರಟಿರುವ ಡೇವ್ ರಾಬರ್ಟ್ಸ್ ಅವರು ಈ ಆಟದಲ್ಲಿ ಔಟ್‌ಫೀಲ್ಡರ್ ಆಗಿದ್ದವರು. ಎಂದರೆ ಅಂಗಳದ ದೂರದ ಅಂಚಿನಲ್ಲಿ ನಿಲ್ಲುವವರು. ನಮ್ಮ ಕ್ರಿಕೆಟ್ಟಿನಲ್ಲಿ ಬೌಂಡರಿ ಗೆರೆಯ ಬಳಿ ನಿಂತವನಂತೆ, ಅಲ್ಲಿ ನಿಂತವರ ಕಡೆಗೆ ಬಹಳ ಹೊತ್ತು ಏನೂ ಬರುವುದಿಲ್ಲ. ಬಂದಾಗ ಮಾತ್ರ ಕಣ್ಣು ಬೇರೆಡೆ ಇರಬಾರದು.

ರಾಬರ್ಟ್ಸ್ ಹುಟ್ಟಿದ್ದು 1972ರಲ್ಲಿ, ಜಪಾನಿನ ಒಕಿನಾವಾ ದ್ವೀಪದ ನಾಹಾ ನಗರದಲ್ಲಿ. ತಂದೆ ಅಮೆರಿಕದ ನೌಕಾ ಪದಾತಿ ದಳದಲ್ಲಿದ್ದ ಕರಿಯ ಜನಾಂಗದವರು, ತಾಯಿ ಜಪಾನಿನವರು. ಮಗ ಬೆಳೆದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ಸೀಮೆಯಲ್ಲಿ. ಚೆಂಡನ್ನು ಬೇಲಿಯಾಚೆ ಕಳಿಸುವ ಬಲಾಢ್ಯನಲ್ಲ, ಕಾಲಿನ ವೇಗವೇ ಆಸ್ತಿ. 1994ರಲ್ಲಿ ವೃತ್ತಿಪರ ತಂಡಗಳು ಹೊಸ ಹುಡುಗರನ್ನು ಆರಿಸಿಕೊಂಡಾಗ ಅವರ ಹೆಸರು ಬಂದದ್ದು 28ನೆಯ ಸುತ್ತಿನಲ್ಲಿ. ನೂರಾರು ಹೆಸರುಗಳನ್ನು ಕೂಗಿ ಮುಗಿಸಿದ ಮೇಲೆ ಬರುವ ಹೆಸರು ಅದು. ಬಳಿಕ ಐದು ವರ್ಷ ಕೆಳಗಿನ ದರ್ಜೆಯ ತಂಡಗಳಲ್ಲಿ ಆಡಿ, 1999ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಮೊದಲ ಬಾರಿಗೆ ಮೇಲ್ದರ್ಜೆಯ ಅಂಗಳ ತುಳಿದರು.

2002ರಿಂದ ಲಾಸ್ ಏಂಜಲಿಸಿನ ಡಾಡ್ಜರ್ಸ್ ತಂಡದಲ್ಲಿದ್ದಾಗ ಅವರಿಗೊಬ್ಬ ಗುರು ಸಿಕ್ಕಿದರು. ಮೌರಿ ವಿಲ್ಸ್ ಎಂಬ ಹಿರಿಯ ಆಟಗಾರರು. 1962ರ ಒಂದೇ ಸಾಲಿನಲ್ಲಿ 104 ನೆಲೆಗಳನ್ನು ಕದ್ದು ಹೆಸರಾದವರು. ಅದಕ್ಕೂ ಮೊದಲು ಅವರೂ ಎಂಟು ವರ್ಷ ಕೆಳದರ್ಜೆಯಲ್ಲೇ ಕಾದಿದ್ದವರು. ಅವರು ಶಿಷ್ಯನಿಗೆ ಒಂದು ಮಾತು ಹೇಳಿದ್ದರಂತೆ. ಒಂದು ದಿನ ಬರುತ್ತದೆ, ಅಂದು ನೀನು ಓಡುತ್ತೀಯೆಂದು ಅಂಗಳದಲ್ಲಿರುವ ಪ್ರತಿಯೊಬ್ಬನಿಗೂ ಗೊತ್ತಿರುತ್ತದೆ, ಆದರೂ ಓಡಲೇಬೇಕಾಗಿರುತ್ತದೆ, ಅಂದು ಹೆದರಬೇಡ ಎಂದು. ರಾಬರ್ಟ್ಸ್ ಅವರೇ ಇದನ್ನು ಮುಂದೆ ಹಲವು ಸಲ ನೆನೆದುಕೊಂಡಿದ್ದಾರೆ.

ಆ ದಿನ ಬಂದದ್ದು 2004ರ ಅಕ್ಟೋಬರ್ 17ರ ರಾತ್ರಿ.

ಅದೇ ವರ್ಷ ಜುಲೈ ಕೊನೆಯಲ್ಲಿ ಡಾಡ್ಜರ್ಸ್ ಅವರನ್ನು ಬಾಸ್ಟನ್ ನಗರದ ರೆಡ್ ಸಾಕ್ಸ್ ತಂಡಕ್ಕೆ ಬಿಟ್ಟುಕೊಟ್ಟಿತ್ತು. ಅಲ್ಲಿ ಅವರು ಮೊದಲ ಸಾಲಿನ ಆಟಗಾರರಲ್ಲ, ಬೆಂಚಿನವರು. ಆ ತಂಡ 1918ರಿಂದ ಈಚೆಗೆ, 86 ವರ್ಷ, ಅಂತಿಮ ಪ್ರಶಸ್ತಿಯನ್ನೇ ಕಂಡಿರಲಿಲ್ಲ. ಅಜ್ಜಂದಿರು ಮೊಮ್ಮಕ್ಕಳಿಗೆ ಸೋಲನ್ನೇ ಉಂಬಳಿಯಾಗಿ ಬಿಟ್ಟುಹೋಗುತ್ತಿದ್ದ ಊರು ಅದು. ಅಂತಿಮ ಸರಣಿಗೆ ಮೊದಲಿನ ಏಳು ಪಂದ್ಯಗಳ ಸರಣಿಯಲ್ಲಿ, ಬದ್ಧವೈರಿಗಳಾದ ನ್ಯೂಯಾರ್ಕಿನ ಯಾಂಕೀಸ್ ಎದುರು ಮೊದಲ ಮೂರನ್ನೂ ಸೋತಿದ್ದರು. ಮೂರನೆಯದರಲ್ಲಂತೂ 19-8 ಎಂಬ ಅವಮಾನ. ಇನ್ನೊಂದು ಸೋತರೆ ಮುಗಿಯಿತು. ನಾಲ್ಕನೆಯ ಪಂದ್ಯದ ಒಂಬತ್ತನೆಯ, ಅಂದರೆ ಕೊನೆಯ, ಸುತ್ತಿಗೆ ಬಂದಾಗಲೂ 4-3ರಿಂದ ಹಿಂದಿದ್ದರು. ಎದುರಿಗೆ ಚೆಂಡೆಸೆಯುತ್ತಿದ್ದವರು ಮರಿಯಾನೋ ರಿವೇರಾ. ಕೊನೆಯ ಸುತ್ತನ್ನು ಮುಗಿಸಿಕೊಡುವುದರಲ್ಲಿ ಅವರ ಸಮಾನರು ಆ ಆಟದ ಚರಿತ್ರೆಯಲ್ಲೇ ಇಲ್ಲ ಎನ್ನುತ್ತಾರೆ.

ಆ ರಿವೇರಾ ಅಂದು ಮೊದಲ ದಾಂಡಿಗನಿಗೆ ಸರಿಯಾದ ಚೆಂಡು ಕೊಡಲಾಗದೆ, ಅವನಿಗೆ ಮೊದಲ ನೆಲೆಯನ್ನು ಪುಕ್ಕಟೆಯಾಗಿ ಬಿಟ್ಟುಕೊಟ್ಟರು. ಆ ದಾಂಡಿಗ ವೇಗವಾಗಿ ಓಡುವವನಲ್ಲ. ಬಾಸ್ಟನ್ ಮ್ಯಾನೇಜರ್ ಟೆರಿ ಫ್ರಾಂಕೋನಾ ಬೆಂಚಿನ ಕಡೆ ತಿರುಗಿ, ರಾಬರ್ಟ್ಸ್ ಅವರತ್ತ ನೋಡಿ ಒಮ್ಮೆ ಕಣ್ಣು ಮಿಟುಕಿಸಿದರು. ಅಷ್ಟೇ. ಉಪದೇಶವಿಲ್ಲ, ಬೆನ್ನು ತಟ್ಟುವುದಿಲ್ಲ.

ಪ್ರಿಯರೇ, ಆ ಕ್ಷಣವನ್ನು ಸ್ವಲ್ಪ ಯೋಚಿಸಿ ನೋಡಿ. ಚಳಿಯ ರಾತ್ರಿ. ಹಲವು ದಿನಗಳಿಂದ ಅಂಗಳಕ್ಕೇ ಇಳಿಯದ ಮನುಷ್ಯ. ಮೂರು ಗಂಟೆಗೂ ಹೆಚ್ಚು ಹೊತ್ತು ಬೆಂಚಿನಲ್ಲಿ ಕುಳಿತು, ಇತರರು ಆಡುವುದನ್ನು ನೋಡಿದವರು. ‘ನನಗೇನು, ಇವತ್ತೂ ನನ್ನನ್ನು ಕರೆಯುವುದಿಲ್ಲ’ ಎಂದು ಕಾಲು ಚಾಚಿ ಕುಳಿತಿದ್ದರೆ ಯಾರು ತಪ್ಪೆನ್ನುತ್ತಿದ್ದರು? ಆದರೆ ಅವರು ರಿವೇರಾ ಚೆಂಡೆಸೆಯುವ ಕ್ರಮವನ್ನು ಮೊದಲೇ ಕೂಲಂಕಷವಾಗಿ ಗಮನಿಸಿಟ್ಟಿದ್ದರು. ಕರೆ ಬರುವ ಮುಂಚೆಯೇ ಮೈ ಸಡಿಲಿಸಿಕೊಂಡು ಸಿದ್ಧರಾಗಿದ್ದರು. ಕರೆ ಬರುತ್ತದೆಂಬ ಖಾತರಿ ಅವರಿಗೆ ಇರಲಿಲ್ಲ. ಎಣ್ಣೆ ತುಂಬಿಟ್ಟುಕೊಂಡ ಕನ್ಯೆಯರಿಗಾದರೂ ವರ ಬಂದೇ ಬರುತ್ತಾನೆಂದು ಗೊತ್ತಿತ್ತು!

ಅವರು ಮೊದಲ ನೆಲೆಗೆ ಹೋಗಿ ನಿಂತರು. ಓಡಲಿಕ್ಕೆಂದೇ ಇವರನ್ನು ಇಳಿಸಿದ್ದಾರೆಂದು ಇಡೀ ಮೈದಾನಕ್ಕೆ ಗೊತ್ತು. ರಿವೇರಾ ದಾಂಡಿಗನಿಗೆ ಚೆಂಡೆಸೆಯುವ ಬದಲು ಇವರನ್ನೇ ಔಟ್ ಮಾಡಲು ಮೊದಲ ನೆಲೆಗೆ ಎಸೆದರು. ಇವರು ನೆಗೆದು ಹಿಂದಕ್ಕೆ ಬಂದರು. ಮತ್ತೊಮ್ಮೆ ಎಸೆದರು. ಮೂರನೆಯ ಸಲವೂ ಎಸೆದರು. ಆ ಮೂರು ಸಲ ಎಸೆದದ್ದೇ ಒಳ್ಳೆಯದಾಯಿತು, ನಡುಕವೆಲ್ಲ ಹೋಯಿತು ಎಂಬಂತೆ ರಾಬರ್ಟ್ಸ್ ಆಮೇಲೆ ಹೇಳಿದ್ದುಂಟು. ನಾಲ್ಕನೆಯ ಸಲ ರಿವೇರಾ ದಾಂಡಿಗನತ್ತ ಚೆಂಡು ಬಿಟ್ಟ ಕೂಡಲೇ ಇವರು ಓಡಿದರು. ಚೆಂಡೂ ಬಂತು, ಎರಡನೆಯ ನೆಲೆಯಲ್ಲಿದ್ದವನ ಕೈಯೂ ಇಳಿಯಿತು, ಅದಕ್ಕಿಂತ ಕೂದಲೆಳೆಯಷ್ಟು ಮೊದಲು ಇವರ ಕೈ ನೆಲೆ ಮುಟ್ಟಿತು. ಬಳಿಕ ಬಿಲ್ ಮ್ಯೂಲರ್ ಹೊಡೆದ ಚೆಂಡಿಗೆ ಅವರು ಓಡಿ ‘ಮನೆ’ ಸೇರಿದರು. 4-4. ನಡುರಾತ್ರಿ ದಾಟಿದ ಮೇಲೆ ಹನ್ನೆರಡನೆಯ ಸುತ್ತಿನಲ್ಲಿ ಡೇವಿಡ್ ಓರ್ಟಿಸ್ ಚೆಂಡನ್ನು ಬೇಲಿ ದಾಟಿಸಿ ಪಂದ್ಯ ಗೆದ್ದುಕೊಟ್ಟರು. ಆಮೇಲೆ ಆ ತಂಡ ಸೋಲಲೇ ಇಲ್ಲ. ಮೂರು ಪಂದ್ಯ ಸೋತ ಮೇಲೆ ನಾಲ್ಕನ್ನೂ ಗೆದ್ದು ಏಳರ ಸರಣಿಯನ್ನು ತನ್ನದಾಗಿಸಿಕೊಂಡ ತಂಡ ಆ ಆಟದಲ್ಲಿ ಅದಕ್ಕೆ ಮೊದಲು ಇರಲಿಲ್ಲ. ಅಂತಿಮ ಸರಣಿಯಲ್ಲಿ ಸೇಂಟ್ ಲೂಯಿಸ್ ತಂಡವನ್ನು ನಾಲ್ಕಕ್ಕೆ ನಾಲ್ಕರಲ್ಲೂ ಸೋಲಿಸಿ, 86 ವರ್ಷದ ಬರ ತೀರಿತು.

ಇನ್ನು ನಾನು ಹೇಳುವ ಸಂಗತಿಯನ್ನು ಆಟದ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆ ಅಂತಿಮ ಸರಣಿಯ ನಾಲ್ಕು ಪಂದ್ಯಗಳಲ್ಲಿ ಡೇವ್ ರಾಬರ್ಟ್ಸ್ ಒಮ್ಮೆಯೂ ಅಂಗಳಕ್ಕಿಳಿಯಲಿಲ್ಲ. ಬೇಕಾಗಲಿಲ್ಲ. ನಾಲ್ಕು ದಿನವೂ ಬೆಂಚಿನಲ್ಲೇ ಕುಳಿತರು. ಡಿಸೆಂಬರ್ ತಿಂಗಳಲ್ಲಿ ತಂಡ ಅವರನ್ನು ಸ್ಯಾನ್ ಡಿಯೇಗೋಗೆ ಬಿಟ್ಟುಕೊಟ್ಟಿತು.

ಇಲ್ಲಿ ನನಗೆ ಸಂತ ಮತ್ತೀಯರ ನೆನಪಾಗುತ್ತದೆ. ಪ್ರೇಷಿತರ ಕಾರ್ಯಕಲಾಪಗಳ ಮೊದಲನೆಯ ಅಧ್ಯಾಯವನ್ನು ಇವತ್ತು ಸಂಜೆ ಜಪಸರ ಮುಗಿದ ಮೇಲೆ ಮನೆಯಲ್ಲಿ ತೆರೆದು ಓದಿ. ಯೂದನ ಸ್ಥಾನ ತೆರವಾಗಿದೆ. ಯಾರನ್ನು ತುಂಬಬೇಕು? ಪೇತ್ರರು ಒಂದು ಅರ್ಹತೆ ಹೇಳುತ್ತಾರೆ. ಯೊವಾನ್ನರು ಸ್ನಾನದೀಕ್ಷೆ ಕೊಡುತ್ತಿದ್ದ ದಿನದಿಂದ ಹಿಡಿದು ಪ್ರಭು ಸ್ವರ್ಗಾರೋಹಣವಾದ ದಿನದವರೆಗೆ ತಮ್ಮ ಜೊತೆಗೇ ಇದ್ದವನಾಗಿರಬೇಕು ಎಂದು. ಈ ಮಾತನ್ನು ನಾವು ಸುಮ್ಮನೆ ಓದಿ ಮುಂದೆ ಹೋಗುತ್ತೇವೆ. ನಿಂತು ಯೋಚಿಸಿ. ಹಾಗಾದರೆ ಮತ್ತೀಯ ಅಷ್ಟೂ ಕಾಲ ಅಲ್ಲೇ ಇದ್ದರು. ಧೂಳಿನ ದಾರಿಯಲ್ಲಿ ನಡೆದರು, ಹಸಿದರು, ಜನರ ಬೈಗುಳ ಕೇಳಿದರು. ಆದರೆ ಪ್ರಭು ಬೆಟ್ಟದ ಮೇಲೆ ಹನ್ನೆರಡು ಮಂದಿಯ ಹೆಸರು ಕರೆದ ದಿನ ಅವರ ಹೆಸರು ಕರೆಯಲಿಲ್ಲ. ಹೆಸರು ಕರೆಯದಿದ್ದರೂ ಅವರು ಮನೆಗೆ ಹೋಗಲಿಲ್ಲ. ಶುಭಸಂದೇಶದ ನಾಲ್ಕು ಪುಸ್ತಕಗಳಲ್ಲೂ ಅವರ ಸುಳಿವಿಲ್ಲ. ಚೀಟಿ ಅವರ ಹೆಸರಿಗೆ ಬಿದ್ದ ಮೇಲೂ ಪವಿತ್ರ ಗ್ರಂಥ ಅವರನ್ನು ಹೆಸರಿಸಿ ಮತ್ತೆ ಒಂದು ಮಾತೂ ಆಡುವುದಿಲ್ಲ. ಒಂದು ಓಟ, ನಂತರ ಮತ್ತೆ ಬೆಂಚು.

ಅವರ ಜೊತೆ ಇನ್ನೊಬ್ಬರಿದ್ದರು, ಬಾರ್ಸಬ್ಬ ಎನಿಸಿಕೊಂಡ ಜೋಸೆಫ್. ಅವರಿಗೂ ಅದೇ ಅರ್ಹತೆ, ಅದೇ ವರ್ಷಗಳು. ಚೀಟಿ ಅವರಿಗೆ ಬೀಳಲಿಲ್ಲ. ಅಂದು ರಾತ್ರಿ ಅವರು ಏನೆಂದುಕೊಂಡರೋ! ‘ನಾನೇನು ಕಡಿಮೆ’ ಎಂದುಕೊಂಡು ಎದ್ದುಹೋದರೆಂದು ಗ್ರಂಥ ಹೇಳುವುದಿಲ್ಲ. ಪವಿತ್ರಾತ್ಮರು ಇಳಿದುಬಂದ ದಿನ ಆ ಮನೆಯಲ್ಲಿ ಕೂಡಿದ್ದವರ ನಡುವೆ ಅವರೂ ಇದ್ದರೆಂದೇ ನಾನು ನಂಬುತ್ತೇನೆ. ಅಗ್ನಿಜ್ವಾಲೆಗಳು ಹನ್ನೆರಡು ಮಂದಿಯನ್ನು ಲೆಕ್ಕ ಹಾಕಿ ಬಂದವಲ್ಲ.

ಆಟಗಾರನಾಗಿ ರಾಬರ್ಟ್ಸ್ ಅವರ ದಿನಗಳು 2008ಕ್ಕೆ ಮುಗಿದವು. ಒಟ್ಟು ಐದು ತಂಡಗಳು, 243 ಕದ್ದ ನೆಲೆಗಳು. 2010ರಲ್ಲಿ, ಸ್ಯಾನ್ ಡಿಯೇಗೋ ತಂಡದ ಆಡಳಿತದಲ್ಲಿ ಸಹಾಯಕರಾಗಿದ್ದಾಗ, ದುಗ್ಧಗ್ರಂಥಿಗಳ ಕ್ಯಾನ್ಸರ್ ಬಂತು. ಹಾಡ್ಜ್‌ಕಿನ್ ಲಿಂಫೋಮಾ ಎನ್ನುತ್ತಾರೆ. ಆಗ ಅವರಿಗೆ ಮೂವತ್ತೇಳು. ಚಿಕಿತ್ಸೆ ಫಲಿಸಿತು. ಮರುವರ್ಷ ಅದೇ ತಂಡದಲ್ಲಿ ಮೊದಲ ನೆಲೆಯ ಬಳಿ ನಿಂತು ಓಟಗಾರರಿಗೆ ಸೂಚನೆ ಕೊಡುವ ತರಬೇತುದಾರರಾದರು. ತಾವು ಒಂದು ರಾತ್ರಿ ನಡುಗುತ್ತ ನಿಂತಿದ್ದಂತಹ ಜಾಗದ ಪಕ್ಕದಲ್ಲೇ, ಈಗ ಇನ್ನೊಬ್ಬನ ನಡುಕ ಬಿಡಿಸುವ ಕೆಲಸ. 2015ರ ಜೂನ್ ತಿಂಗಳಲ್ಲಿ ತಂಡದ ಮ್ಯಾನೇಜರನ್ನು ತೆಗೆದುಹಾಕಿದಾಗ ಒಂದು ಪಂದ್ಯಕ್ಕೆ, ಒಂದೇ ಒಂದು ಪಂದ್ಯಕ್ಕೆ, ರಾಬರ್ಟ್ಸ್ ಮ್ಯಾನೇಜರ್ ಆದರು. ಆ ಪಂದ್ಯ ಸೋತರು. ಮರುದಿನ ಆ ಹುದ್ದೆಗೆ ಬೇರೊಬ್ಬರು ಬಂದರು.

ಅದೇ ವರ್ಷ ನವೆಂಬರಿನಲ್ಲಿ ಲಾಸ್ ಏಂಜಲಿಸಿನ ಡಾಡ್ಜರ್ಸ್ ಅವರನ್ನು ಮ್ಯಾನೇಜರಾಗಿ ಕರೆಯಿತು. 1947ರಲ್ಲಿ ಜ್ಯಾಕಿ ರಾಬಿನ್‌ಸನ್ ಅವರನ್ನು ಕಣಕ್ಕಿಳಿಸಿ ಮೇಲ್ದರ್ಜೆಯಲ್ಲಿ ಬಿಳಿಯರ ಏಕಸ್ವಾಮ್ಯವನ್ನು ಮುರಿದ ತಂಡ ಅದು. ಆದರೆ ಬಿಳಿಯನಲ್ಲದ ಒಬ್ಬ ಮ್ಯಾನೇಜರನ್ನು ನೇಮಿಸಲು ಅದಕ್ಕೂ ಅಲ್ಲಿಂದ 68 ವರ್ಷ ಬೇಕಾದವು. ಅಂಗಿಯ ಬೆನ್ನ ಮೇಲೆ ಅವರು ಹಾಕಿಸಿಕೊಂಡ ಸಂಖ್ಯೆ 30. ಅದು ಅವರ ಗುರು ಮೌರಿ ವಿಲ್ಸ್ ಧರಿಸುತ್ತಿದ್ದ ಸಂಖ್ಯೆ.

ಇದು ಸಂತರ ಚರಿತ್ರೆಯಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕೋಟಿಗಟ್ಟಲೆ ಹಣ ಹರಿದಾಡುವ ಆಟ, ಅದರಲ್ಲೂ ಅತಿ ಶ್ರೀಮಂತ ತಂಡಗಳಲ್ಲೊಂದು. ಅಲ್ಲಿ ಗೆಲ್ಲುವುದರಲ್ಲಿ ಏನು ಹೆಚ್ಚುಗಾರಿಕೆ ಎಂದು ಕೇಳುವವರು ಅಮೆರಿಕದಲ್ಲೇ ಬಹಳ ಇದ್ದಾರೆ. ನನಗೆ ಗೆಲುವಿಗಿಂತ ಅವರ ಸೋಲುಗಳೇ ಹೆಚ್ಚು ಕಲಿಸಿದವು. 2017ರಲ್ಲಿ ಅಂತಿಮ ಸರಣಿಯನ್ನು ಏಳನೆಯ ಪಂದ್ಯದಲ್ಲಿ ಸೋತರು. ಎದುರಾಳಿಗಳು ಆ ಸಾಲಿನಲ್ಲಿ ಕ್ಯಾಮೆರಾ ಇಟ್ಟು ಸನ್ನೆ ಕದ್ದು ಆಡಿದ್ದರೆಂದು 2020ರಲ್ಲಿ ತನಿಖೆಯಿಂದ ಹೊರಬಂತು. 2018ರಲ್ಲಿ ಚೆನ್ನಾಗಿ ಎಸೆಯುತ್ತಿದ್ದವರೊಬ್ಬರನ್ನು ನಡುವೆ ಹೊರಕರೆದು ಪಂದ್ಯ ಕೈತಪ್ಪಿದಾಗ, ಅಂದಿನ ರಾಷ್ಟ್ರಾಧ್ಯಕ್ಷರೇ ಸಾರ್ವಜನಿಕವಾಗಿ ಹಳಿದರು. 2019ರಲ್ಲಿ ತಂಡದ ಅತಿ ದೊಡ್ಡ ಎಸೆತಗಾರ ಕ್ಲೇಟನ್ ಕರ್ಷಾ ಅವರನ್ನು ನಂಬಿ ಎಂಟನೆಯ ಸುತ್ತಿಗೂ ಇಳಿಸಿದರು. ಕರ್ಷಾ ಎಸೆದ ಎರಡು ಚೆಂಡುಗಳು ಒಂದರ ಹಿಂದೊಂದು ಬೇಲಿ ದಾಟಿದವು. ಕೊನೆಗೆ ಆ ಪಂದ್ಯದೊಂದಿಗೆ ಸರಣಿಯೂ ಕೈತಪ್ಪಿತು. ಬೆಂಚಿಗೆ ಮರಳಿದ ಕರ್ಷಾ ತಲೆ ತಗ್ಗಿಸಿ ಒಂಟಿಯಾಗಿ ಕುಳಿತ ಚಿತ್ರವನ್ನು ಆ ದೇಶದಲ್ಲಿ ನೋಡದವರಿಲ್ಲ. ದೂರು ತನ್ನ ಮೇಲೆ ಬರುವುದಾದರೆ ಬರಲಿ, ಅದಕ್ಕೇನೂ ಬೇಸರವಿಲ್ಲ ಎಂದು ರಾಬರ್ಟ್ಸ್ ಅಂದು ಪತ್ರಕರ್ತರ ಮುಂದೆ ಹೇಳಿದರು.

ಮನೆಯಲ್ಲಿ ಅಪ್ಪನಾಗಿರುವವರು, ಅಮ್ಮನಾಗಿರುವವರು, ಸಂಘ ಸಂಸ್ಥೆಗಳಲ್ಲಿ ಅಧ್ಯಕ್ಷರಾಗಿರುವವರು, ಧರ್ಮಕೇಂದ್ರಗಳಲ್ಲಿ ನನ್ನಂಥ ಗುರುಗಳು, ಈ ಮಾತನ್ನು ಎಷ್ಟು ಸಲ ಆಡಿದ್ದೇವೆ? ಮಗ ಪರೀಕ್ಷೆಯಲ್ಲಿ ಬಿದ್ದಾಗ ‘ನಿನ್ನ ಮಗ’ ಎನ್ನುತ್ತೇವೆ. ಗೆದ್ದಾಗ ‘ನನ್ನ ಮಗ’. ಹಬ್ಬದ ಊಟ ಸಾಲದೆ ಹೋದರೆ ಸಮಿತಿಯ ತಪ್ಪು, ಹಬ್ಬ ಚೆನ್ನಾಗಿ ನಡೆದರೆ ಕೃತಜ್ಞತೆಯ ಭಾಷಣದಲ್ಲಿ ನಮ್ಮ ಹೆಸರು ಮೊದಲು. ಕೂಲಿಗಾಗಿ ಕಾಯುವವನು ತೋಳ ಬಂದಾಗ ಓಡಿಹೋಗುತ್ತಾನೆಂದು ಪ್ರಭು ಹೇಳಿದ್ದನ್ನು ನಾವು ಬೇರೆಯವರಿಗೆ ಅನ್ವಯಿಸಿ ಪ್ರಬೋಧಿಸುತ್ತೇವೆ.

2020ರಲ್ಲಿ ಡಾಡ್ಜರ್ಸ್ ಗೆದ್ದರು, 32 ವರ್ಷಗಳ ನಂತರ. 2024ರಲ್ಲಿ ಗೆದ್ದರು, ಅದೂ ಯಾಂಕೀಸ್ ಎದುರಿಗೆ. ಅವುಗಳ ವಿವರಕ್ಕೆ ನಾನು ಹೋಗುವುದಿಲ್ಲ. 2025ರ ಸರಣಿಯ ಒಂದು ಸಂಗತಿಯನ್ನು ಮಾತ್ರ ಹೇಳುತ್ತೇನೆ.

ಕೆನಡಾದ ಟೊರಾಂಟೊ ತಂಡದ ಎದುರು ಐದು ಪಂದ್ಯಗಳಲ್ಲಿ ಮೂರನ್ನು ಸೋತು ಮನೆಗೆ ಹೊರಡುವ ಅಂಚಿನಲ್ಲಿದ್ದಾಗ ರಾಬರ್ಟ್ಸ್ ತಂಡದ ಪಟ್ಟಿ ಬದಲಾಯಿಸಿದರು. ಕ್ಯೂಬಾದಿಂದ ಬಂದ ಆಂಡಿ ಪಾಹೆಸ್ ಎಂಬ ಯುವ ಔಟ್‌ಫೀಲ್ಡರ್‌ಗೆ ಚೆಂಡು ಹೊಡೆಯಲು ಆಗುತ್ತಲೇ ಇರಲಿಲ್ಲ. ಅವರನ್ನು ಐದನೆಯ ಪಂದ್ಯಕ್ಕೇ ಬೆಂಚಿಗೆ ಕಳಿಸಿದ್ದರು. ಬೆಂಚಿನಲ್ಲಿ ಕಾಯುತ್ತಿದ್ದ 36 ವರ್ಷದ ಮಿಗೆಲ್ ರೋಹಾಸ್ ಎಂಬ ವೆನೆಜುವೆಲಾದವರನ್ನು ಇಳಿಸಿದರು. ಆರನೆಯ ಪಂದ್ಯ ಗೆದ್ದರು. ನವೆಂಬರ್ 1, ಸಕಲ ಸಂತರ ಹಬ್ಬದ ದಿನ, ಏಳನೆಯ ಪಂದ್ಯ. ಒಂಬತ್ತನೆಯ ಸುತ್ತಿನಲ್ಲಿ ಒಂದು ಓಟದಿಂದ ಹಿಂದೆ, ಇನ್ನಿಬ್ಬರು ಔಟಾದರೆ ಕತೆ ಮುಗಿಯಿತು ಎನ್ನುವಾಗ, ಆ ರೋಹಾಸ್ ಚೆಂಡನ್ನು ಬೇಲಿಯಾಚೆ ಕಳಿಸಿ ಸಮ ಮಾಡಿದರು. ತಂಡದಲ್ಲಿ ಅದಕ್ಕೆಂದೇ ಇದ್ದ ಮಹಾರಥಿಗಳಲ್ಲ, ರೋಹಾಸ್!

ಟೊರಾಂಟೊ ಆಡುವ ಸರದಿ ಬಂತು. ಮೂರು ನೆಲೆಗಳಲ್ಲೂ ಅವರ ಓಟಗಾರರು ನಿಂತರು. ಒಬ್ಬ ಮನೆ ಸೇರಿದರೆ ಸಾಕು. ಇಂಥ ಹೊತ್ತಿನಲ್ಲಿ ರಾಬರ್ಟ್ಸ್ ಬೆಂಚಿನ ಕಡೆ ತಿರುಗಿ, ಕೆಲವು ದಿನಗಳ ಹಿಂದೆ ತಾವೇ ಹೊರಗಿಟ್ಟ ಪಾಹೆಸ್ ಅವರನ್ನು ಕರೆದು ಅಂಗಳದ ದೂರದ ಅಂಚಿಗೆ ಕಳಿಸಿದರು. ಆ ಅಂಚು ಎಂಥದೆಂದು ರಾಬರ್ಟ್ಸ್ ಅವರಿಗೆ ಚೆನ್ನಾಗಿ ಗೊತ್ತು. ಸ್ವಲ್ಪದರಲ್ಲೇ ಚೆಂಡು ಎತ್ತರಕ್ಕೆ ಹಾರಿ ಬೇಲಿಯತ್ತ ಹೋಯಿತು. ಪಾಹೆಸ್ ಓಡಿದರು, ಹಿಡಿಯಲು ಓಡಿಬಂದ ಜೊತೆಗಾರನಿಗೆ ಡಿಕ್ಕಿ ಹೊಡೆದರು, ಜೊತೆಗಾರ ನೆಲಕ್ಕೆ ಬಿದ್ದರು, ಚೆಂಡು ಪಾಹೆಸ್ ಕೈಯಲ್ಲಿ ಉಳಿಯಿತು. ಹನ್ನೊಂದನೆಯ ಸುತ್ತಿನಲ್ಲಿ 5-4ರಿಂದ ಡಾಡ್ಜರ್ಸ್ ಗೆದ್ದರು.

ಹೊರಗಿಟ್ಟವನನ್ನು ಮತ್ತೆ ಕರೆಯುವುದು ಸುಲಭವಲ್ಲ. ಸಂತ ಪೌಲರಿಗೇ ಕಷ್ಟವಾಯಿತು. ಮಾರ್ಕ ಎಂಬ ಯುವಕ ಒಮ್ಮೆ ನಡುದಾರಿಯಲ್ಲಿ ಬಿಟ್ಟುಹೋದನೆಂದು, ಮುಂದಿನ ಪ್ರಯಾಣಕ್ಕೆ ಅವನು ಬೇಡವೇ ಬೇಡ ಎಂದರು. ಅದಕ್ಕಾಗಿ ಪ್ರಾಣಸ್ನೇಹಿತರಾದ ಬಾರ್ನಬರೊಡನೆ ಜಗಳವಾಡಿ ಬೇರೆ ದಾರಿ ಹಿಡಿದರು. ವರ್ಷಗಳು ಕಳೆದವು. ತಿಮೊಥೇಯರಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ, ಸೆರೆಮನೆಯಿಂದ, ಅದೇ ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಸೇವೆಯಲ್ಲಿ ಉಪಕಾರವಾಗುತ್ತದೆ ಎಂದು ಹೇಳಿಕಳಿಸುತ್ತಾರೆ. ಆ ಸಾಲನ್ನು ಬರೆಸುವಾಗ ಪೌಲರಿಗೆ ಎಷ್ಟು ಹೊತ್ತು ಹಿಡಿಯಿತೋ. ಆ ನಡುವಿನ ವರ್ಷಗಳಲ್ಲಿ ಮಾರ್ಕನನ್ನು ಕೈಬಿಡದೆ ಜೊತೆಗಿಟ್ಟುಕೊಂಡ ಬಾರ್ನಬರನ್ನೂ ನಾವು ಮರೆಯಬಾರದು.

ನಿಮ್ಮ ಮನೆಯ ಬೆಂಚಿನಲ್ಲಿ ಯಾರು ಕುಳಿತಿದ್ದಾರೆ? ಮದುವೆ ಮಾತುಕತೆಗೆ ಯಾರನ್ನು ಕೇಳುವುದಿಲ್ಲ? ಜಗಲಿಯ ಮೂಲೆಯ ಅಜ್ಜಿಯನ್ನೋ, ಹತ್ತು ವರ್ಷದಿಂದ ಅಡುಗೆಮನೆ ನಡೆಸಿದ ಸೊಸೆಯನ್ನೋ, ಒಮ್ಮೆ ವ್ಯಾಪಾರದಲ್ಲಿ ಸೋತ ತಮ್ಮನನ್ನೋ? ಇತರರಿಗೆ ಈ ಪ್ರಶ್ನೆ ಕೇಳುವ ಮೊದಲು ನನ್ನ ಲೆಕ್ಕ ಒಪ್ಪಿಸಬೇಕು.

ಕೆಲವು ವರ್ಷಗಳ ಹಿಂದೆ ನಾನು ಧರ್ಮಕೇಂದ್ರವೊಂದರ ಗುರುವಾಗಿದ್ದೆ. ಭಾನುವಾರದ ಬಲಿಪೂಜೆಯಲ್ಲಿ ವಾಚನ ಓದುವವರ ಪಟ್ಟಿಯನ್ನು ನಾನೇ ಬರೆಯುತ್ತಿದ್ದೆ. ಆರು ಏಳು ಹೆಸರು, ಅವೇ ಸುತ್ತಿ ಸುತ್ತಿ ಬರುತ್ತಿದ್ದವು. ಚೆನ್ನಾಗಿ ಓದುವವರು, ಕಾಲೇಜು ಕಲಿತವರು. ಒಂದು ದಿನ ಗಾರೆ ಕೆಲಸ ಮಾಡಿ ನಿವೃತ್ತರಾಗಿದ್ದ ಹಿರಿಯರೊಬ್ಬರು ಪೂಜೆ ಮುಗಿದ ಮೇಲೆ ಬಂದು, “ಸ್ವಾಮಿ, ಯಾರಾದರೂ ಬಾರದೆ ಹೋದರೆ ನನಗೆ ಹೇಳಿ. ನಾನು ವಾಚನ ಓದಿಕೊಂಡೇ ಬಂದಿರುತ್ತೇನೆ” ಎಂದರು. “ಆಗಲಿ, ನೋಡೋಣ” ಎಂದೆ. ಆ ಮಾತನ್ನು ಅಂದೇ ಮರೆತೆ. ಅವರು ಹಿಂದಿನಿಂದ ಮೂರನೆಯ ಬೆಂಚಿನಲ್ಲಿ, ಕಂಬದ ಪಕ್ಕ ಕುಳಿತುಕೊಳ್ಳುತ್ತಿದ್ದರು.

ಸುಮಾರು ಮೂರು ವರ್ಷಗಳ ನಂತರ ಜೋರು ಮಳೆಯ ಒಂದು ಭಾನುವಾರ ಬೆಳಗ್ಗೆ ಎರಡನೆಯ ವಾಚನದವರು ಬರಲಿಲ್ಲ. ನನ್ನ ಕಣ್ಣು ಅತ್ತಿತ್ತ ಅಲೆದು ಆ ಕಂಬದ ಬಳಿ ನಿಂತಿತು. ಕೈ ಸನ್ನೆ ಮಾಡಿದೆ. ಅವರು ಎದ್ದು ಬಂದರು. ಕನ್ನಡಕ ಸರಿಮಾಡಿಕೊಳ್ಳಲಿಲ್ಲ, ಪುಟ ಹುಡುಕಲಿಲ್ಲ. ಓದಿದರು. ಒಂದು ಕಡೆಯೂ ತಡವರಿಸಲಿಲ್ಲ, ಒಂದು ಕಡೆಯೂ ಅವಸರಿಸಲಿಲ್ಲ. ಆ ವಾರ ಓದಿಕೊಂಡು ಬಂದದ್ದರ ಗುರುತು ಅದಲ್ಲ. ಆ ಮೂರು ವರ್ಷವೂ ಪ್ರತಿ ಶನಿವಾರ ರಾತ್ರಿ ಅವರು ಜೋರಾಗಿ ಓದಿ ಅಭ್ಯಾಸ ಮಾಡುತ್ತಿದ್ದರೆಂದು ಆಮೇಲೆ ಅವರ ಮನೆಯವರಿಂದ ತಿಳಿಯಿತು. ಅಂದು ಬಲಿಪೀಠದ ಬಳಿ ಕುಳಿತಿದ್ದ ನನಗೆ ನನ್ನದೇ ಪ್ರಬೋಧನೆ ಮಾಡಲು ನಾಲಿಗೆ ಏಳಲಿಲ್ಲ.

ಮರುವಾರದ ಪಟ್ಟಿಯಲ್ಲಿ ಅವರ ಹೆಸರನ್ನೇ ಮೊದಲು ಬರೆದೆ. ಭಾನುವಾರ ಪೂಜೆಗೆ ಕಾಲು ಗಂಟೆ ಮುಂಚೆ ಅವರು ಸಕ್ರೀಸ್ತಿಯ ಬಾಗಿಲಿಗೆ ಬಂದರು. ಜೊತೆಗೆ ಪಕ್ಕದ ಮನೆಯ ಹುಡುಗಿ, ಹನ್ನೊಂದೋ ಹನ್ನೆರಡೋ ವರ್ಷ, ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಎರಡು ಜಡೆ. “ಸ್ವಾಮಿ, ನನ್ನ ಬದಲು ಈ ಮಗು ಓದಲಿ. ವಾರವೆಲ್ಲ ಕೂಡಿಸಿ ಓದಿಸಿದ್ದೇನೆ” ಎಂದರು. ಅಂದು ಅವರು ಕಂಬದ ಬಳಿ ಕೂರಲಿಲ್ಲ, ಮೊದಲ ಬೆಂಚಿಗೆ ಬಂದು ಕುಳಿತರು. ಹುಡುಗಿ ವಾಚನಪೀಠದ ಹಿಂದೆ ನಿಂತಾಗ ತಲೆ ಮಾತ್ರ ಕಾಣುತ್ತಿತ್ತು. “ಪ್ರೇಷಿತ ಪೌಲರು ಥೆಸ...” ಎಂದು ಶುರುಮಾಡಿ ನಿಂತುಬಿಟ್ಟಳು. ಮೊದಲ ಬೆಂಚಿನಲ್ಲಿ ತುಟಿಗಳು ಅಲ್ಲಾಡಿದವು. ಅವಳು ಅತ್ತ ನೋಡಿದಳು. “ಥೆಸಲೋನಿಯರಿಗೆ ಬರೆದ ಪತ್ರದಿಂದ ವಾಚನ” ಎಂದು ಓದಿ ಮುಂದುವರಿದಳು.